ಅಕ್ಕ ಹಾಕಿದ ಕಾನ್‌ಸ್ಟ್

ಮೂರು ತಿಂಗಳ ಪರೀಕ್ಷಾ ಅವಧಿ ಮುಗಿಯಲು ಹತ್ತೇ ದಿನ ಉಳಿದಿತ್ತು. ಕೆಲಸ ಕಾಯಂ ಆದರೆ ಅಕ್ಕ ತಮ್ಮನ ಮನೆ ಬಿಟ್ಟು, ಆಫೀಸಿನ ಹಿಂದಿನ ಬೀದಿಯಲ್ಲಿ ನೋಡಿಟ್ಟಿದ್ದ ಒಂಟಿ ಕೋಣೆಗೆ ಹೋಗುವವಳಿದ್ದಳು. ನಲವತ್ತೇಳನೆಯ ವಯಸ್ಸಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ತನ್ನದೊಂದು ಬಾಗಿಲು, ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ.

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಏಕೆಂದರೆ ತಂಡದ ಮುಖ್ಯಸ್ಥ ಅವಳ ಸ್ವಂತ ತಮ್ಮ. ಅವನಿಗೆ ಪ್ರೋಗ್ರಾಮಿಂಗಿನ ಓನಾಮ ಕಲಿಸಿದವಳೂ ಅವಳೇ. ಆಮೇಲೆ ತಾಯಿ ಹಾಸಿಗೆ ಹಿಡಿದಾಗ ಇದ್ದ ನೌಕರಿ ಬಿಟ್ಟಳು. ತಾಯಿ ಹೋದ ಮೇಲೆ ತಮ್ಮನ ಮಗಳು ಪುಟ್ಟಿಯನ್ನು ಎತ್ತಿ ಆಡಿಸಿದಳು. ಹದಿಮೂರು ವರ್ಷ ಹೀಗೆ ಕಳೆದ ಮೇಲೆ ಈಗ ಮತ್ತೆ ನೌಕರಿಗೆ ಸೇರಿದ್ದಳು. "ನಮ್ಮಕ್ಕ ಇಲ್ದಿದ್ರೆ ನಮ್ಮನೆ ನಡೆಯೋದೇ ಇಲ್ಲ" ಎಂದು ಅವನು ಬಂದವರೆದುರು ಹೊಗಳುತ್ತಿದ್ದ. ಹೊಗಳಿ ಅಟ್ಟಕ್ಕೇರಿಸಿದವರು ಏಣಿ ಎಲ್ಲಿಟ್ಟರೆಂದು ಪಾಪ ಅವಳು ನೋಡಲಿಲ್ಲ.

ಅವರದು ಲಿಫ್ಟ್ ನಡೆಸುವ ಪ್ರೋಗ್ರಾಂ ಬರೆಯುವ ಕಂಪನಿ. ಲಿಫ್ಟು ಮೇಲಿನ ತುದಿ ಮುಟ್ಟಿದಾಗ ಯಾವ ಫಂಕ್ಷನ್ ಓಡಬೇಕೋ ಅದರ ವಿಳಾಸ ಪ್ರೋಗ್ರಾಮಿನ ಒಂದು ಗೂಡಿನಲ್ಲಿರುತ್ತದೆ. ಅಲ್ಲಿದ್ದದ್ದು 'ನಿಲ್ಲಿಸು' ಎಂಬ ಫಂಕ್ಷನ್ನಿನ ವಿಳಾಸ. ಅದನ್ನು ನಡುವೆ ಯಾರೂ ಬದಲಿಸಲಾಗದಂತೆ ಭದ್ರ ಮಾಡುವುದು ಅಕ್ಕನ ಪಾಲಿನ ಕೆಲಸ. ಅದಕ್ಕೆಂದೇ ಇರುವ ಪದ ಕಾನ್‌ಸ್ಟ್. ಒಂದು ಅಂಕಿಗೆ ಅದನ್ನು ಹಾಕಿದರೆ ಆ ಅಂಕಿ ಮತ್ತೆ ಬದಲಾಗದು. ಅಕ್ಕ ಹಾಕಿದಳು, ಆದರೆ ವಿಳಾಸದ ಗೂಡಿಗೆ ಹಾಕುವ ಬದಲು ಫಂಕ್ಷನ್ನಿನ ಟೈಪಿಗೆ, ಎಂದರೆ ಅದು ಯಾವ ಬಗೆಯದೆಂದು ಹೇಳುವ ಮಾತಿಗೆ, ಹಾಕಿಬಿಟ್ಟಳು. ಫಂಕ್ಷನ್ ಎಂದರೆ ಮಾಡುವ ಕೆಲಸ, ಅದು ಬದಲಿಸುವ ವಸ್ತುವೇ ಅಲ್ಲ. ಅದಕ್ಕೆ ಕಾನ್‌ಸ್ಟ್ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಬರೆದದ್ದನ್ನು ತಪ್ಪು ನೋಡಿ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಆ ಪದವನ್ನು ಇಲ್ಲವೆಂದೇ ಎಣಿಸಿ ಮುಂದೆ ಹೋಯಿತು, ತುಟಿ ಪಿಟಕ್ಕೆನ್ನಲಿಲ್ಲ. ಗೂಡು ಮೊದಲಿನಂತೆ ತೆರೆದೇ ಇತ್ತು.

ಬರೆದದ್ದನ್ನೆಲ್ಲ ತಮ್ಮ ಓದಿ ಒಪ್ಪಬೇಕೆಂಬುದು ಅಲ್ಲಿನ ನಿಯಮ. ಸೋಮವಾರ ಬೆಳಿಗ್ಗೆ ಅವನು ಓದಿದ. ಕಾನ್‌ಸ್ಟ್ ಇದ್ದ ಸಾಲಿನ ಬಳಿ ಅವನ ಬೆರಳು ನಿಂತಿತು. ಅಕ್ಕ ಕುರ್ಚಿಯ ಹಿಂದೆಯೇ ನಿಂತಿದ್ದಳು.

"ಏನಾದ್ರೂ ತಪ್ಪಿದ್ಯೇನೋ?"

"ಏನಿಲ್ಲಕ್ಕ. ಚೆನ್ನಾಗಿದೆ" ಎಂದು ಅವನು ಒಪ್ಪಿಗೆಯ ಗುಂಡಿ ಒತ್ತಿದ.

ಮುಂದಿನ ವಾರ ಮ್ಯಾನೇಜರಮ್ಮನ ಎದುರು ಪರೀಕ್ಷೆ ನಡೆಯಿತು. ಮೇಜಿನ ಮೇಲೆ ಮೊಳದುದ್ದದ ಮಾದರಿ ಲಿಫ್ಟು. ಗೂಡಿನ ವಿಳಾಸ ಬದಲಿಸಲು ಯಾರಾದರೂ ಪ್ರಯತ್ನಿಸಿ ಎಂದು ಮ್ಯಾನೇಜರಮ್ಮ ಹೇಳಿದ್ದೇ ತಡ, ತಮ್ಮ ತಾನೇ ಎದ್ದ. ಒಂದೇ ಒಂದು ಸಾಲು ಬರೆದು, 'ನಿಲ್ಲಿಸು' ಇದ್ದ ಕಡೆ ಏನೂ ಮಾಡದ ಒಂದು ಖಾಲಿ ಫಂಕ್ಷನ್ ಇಟ್ಟ. ಕಂಪೈಲರ್ ಅದನ್ನು ತಡೆಯಬೇಕಿತ್ತು, ತಡೆಯಲಿಲ್ಲ. ಪುಟಾಣಿ ಲಿಫ್ಟು ಮೇಲಕ್ಕೆ ಹೋಗಿ ಚಾವಣಿಗೆ ಬಡಿಯಿತು, ಮತ್ತೂ ಮತ್ತೂ ಬಡಿದು ಅದರ ದಾರ ಕಿತ್ತುಬಂತು.

"ಇದರಲ್ಲಿ ಜನ ಇದ್ದಿದ್ರೆ?" ಎಂದರು ಮ್ಯಾನೇಜರಮ್ಮ. ಆಮೇಲೆ ತಮ್ಮನ ಕಡೆ ತಿರುಗಿದರು. "ನೀವು ಓದಿ ಒಪ್ಪಿದ್ರಲ್ಲ?"

"ಅಕ್ಕ ಬರೆದಿದಾಳೆ ಅಂತ ಪೂರ್ತಿ ನಂಬ್ಬಿಟ್ಟೆ ಮೇಡಂ. ನಂದೇ ತಪ್ಪು."

ಆ ಮಾತಿಗೆ ಮ್ಯಾನೇಜರಮ್ಮ ಕರಗಿಹೋದರು. ಎಂಥ ತಮ್ಮ! ಅವನ ಸ್ಥಾನಕ್ಕೆ ಕುಂದು ಬರಲಿಲ್ಲ, ಅಕ್ಕನ ಕೆಲಸ ಅಲ್ಲಿಗೇ ಮುಗಿಯಿತು. ಎಲ್ಲರೆದುರು ತಪ್ಪನ್ನು ತನ್ನ ಮೇಲೆ ಎಳೆದುಕೊಂಡನಲ್ಲ ಎಂದು ಅಕ್ಕನ ಕಣ್ಣು ತುಂಬಿದ್ದು ಕೃತಜ್ಞತೆಯಿಂದ. ನೆನೆದರೆ ಹೇಳುವ ನನಗೇ ಹೊಟ್ಟೆ ಉರಿಯುತ್ತದೆ.

ಸಂಜೆ ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಅವಳನ್ನು ಸಮಾಧಾನ ಮಾಡಿದಳು. ಕೆಟ್ಟವಳಲ್ಲ ಅವಳು, ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ, ಅಷ್ಟೇ.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ. ನಿಮಗೆ ಈ ಓಡಾಟ ಆಗಲ್ಲ ಅಂತ ಇವ್ರಿಗೆ ಮೊದಲೇ ಗೊತ್ತಿತ್ತೇನೋ. ನೀವು ಹೋದ್ಮೇಲೆ ಪುಟ್ಟಿಗೆ ಬೇಕಾಗುತ್ತೆ ಅಂತ ಡೇಕೇರ್‌ನಲ್ಲಿ ಜಾಗ ಹೇಳಿದ್ವಲ್ಲ, ಹೋದ ಸೋಮವಾರ ಮಧ್ಯಾಹ್ನಾನೇ ಫೋನ್ ಮಾಡಿ ಬೇಡ ಅಂದ್ಬಿಟ್ಟಿದಾರೆ."

ಹೋದ ಸೋಮವಾರ. ಅಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಹಾಲಿಗೆ ಬಂದಳು. ತಮ್ಮ ಕಾಲು ಚಾಚಿ ಫೋನ್ ನೋಡುತ್ತಿದ್ದ.

"ಅವತ್ತೇ ಆ ತಪ್ಪು ನಿನ್ ಕಣ್ಣಿಗೆ ಬಿತ್ತು. ಅಲ್ವೇನೋ?"

ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದಳು, ಹೇಳಲೆಂದೇ ಆಸೆಪಟ್ಟಿದ್ದಳು. ಅವನು ಅಷ್ಟು ಮರ್ಯಾದೆಯನ್ನೂ ಕೊಡಲಿಲ್ಲ.

"ಬೀಳದೇ ಇರುತ್ತಾ ಅಕ್ಕ? ಕಲಿಸಿದವಳು ನೀನೇ ಅಲ್ವಾ" ಎಂದ, ಫೋನಿನಿಂದ ತಲೆಯೆತ್ತದೆ. "ನೀನು ಹೋದ್ರೆ ಮನೆ ಯಾರು ನೋಡ್ಕೋತಾರೆ, ಹೇಳು. ಅಂದ ಹಾಗೆ ನಾಳೆ ಪುಟ್ಟಿಗೆ ಶಾಲೆ ಬೇಗ. ಏಳಕ್ಕೇ ಡಬ್ಬಿ ರೆಡಿ ಇರಲಿ."

ಅಕ್ಕ ಅಲ್ಲೇ ನಿಂತಳು. ಒಳಗಿನಿಂದ ಪುಟ್ಟಿ "ಅತ್ತೇ, ಹಸಿವು" ಎಂದು ಕೂಗಿದಳು. ಎರಡನೆಯ ಸಲ ಕೂಗಿದಾಗ ಅಕ್ಕ "ಬಂದೆ ಕಂದಾ" ಎಂದಳು, ಮತ್ತು ಹೋದಳು.