ಗೋಡೆಯಾಚೆ ಊಟದ ಹೊತ್ತು

ಮೂಡಬಿದಿರೆಯ ನಮ್ಮ ಜೈನಪೇಟೆ ನೋಡಲು ಬರುವವರೆಲ್ಲ ಕಂಬಗಳ ಕೆತ್ತನೆಗೇ ಬಾಯಿ ಬಿಡುತ್ತಾರೆ. ಗೋಡೆ ನೋಡುವುದಿಲ್ಲ, ಮಂಕುಗಳು! ಇಲ್ಲಿ ಒಂದು ಮನೆಯ ಎಡಗೋಡೆಯೇ ಪಕ್ಕದ ಮನೆಯ ಬಲಗೋಡೆ. ನಮಗೂ ವಿಮಲಕ್ಕನಿಗೂ ನಡುವೆ ಇದ್ದದ್ದು ಅಂಥದೇ ಮಣ್ಣಿನ ಗೋಡೆ, ಅದರಲ್ಲೊಂದು ಕೈ ತೂರುವಷ್ಟು ಕಿಂಡಿ. ಸೂರ್ಯ ಮುಳುಗುವ ಮೊದಲೇ ಉಣ್ಣುವ ಮನೆಗಳು ನಮ್ಮವು. ಆ ಹೊತ್ತಿಗೆ ವಿಮಲಕ್ಕ ಆಚೆ, ನನ್ನ ಮಗಳು ತ್ರಿಶಾ ಈಚೆ ಕೂತು, ಕಿಂಡಿಯಲ್ಲೇ ಪಲ್ಯ ದಾಟಿಸುತ್ತ ಹರಟುತ್ತಿದ್ದರು. ಒಬ್ಬರೇ ಕೂತು ಉಂಡು ವಿಮಲಕ್ಕನಿಗೆ ಗೊತ್ತಿಲ್ಲ.

ಕಳೆದ ವರ್ಷ ಅವರು ತೀರಿಹೋದರು. ಮುಖ ನೋಡಲು ಹೋದ ತ್ರಿಶಾ ಅತ್ತು ಅತ್ತು, ಹೊರಡುವಾಗ ಬಾಯಿತಪ್ಪಿ, "ವಿಮಲಕ್ಕ, ಬರ್ತೇನೆ" ಎಂದುಬಿಟ್ಟಳು. ಬೇರೆಲ್ಲ ಕಡೆ ಹಾಗೆ ಹೇಳಿಯೇ ಹೊರಡುವುದು ಸರಿ. ಸಾವಿನ ಮನೆಯಲ್ಲಿ ಯಾರಾದರೂ ಹೇಳುತ್ತಾರಾ? ಸುಮ್ಮನೆ ಎದ್ದು ಬರಬೇಕು. ನಾನು ಅವಳ ಕೈ ಹಿಡಿದು ಬೇಗಬೇಗ ಹೊರಗೆ ಕರೆತಂದೆ.

ಆ ಮನೆಗೆ ಬೀಗ ಬಿತ್ತು. ಸ್ವಲ್ಪ ದಿನದ ಮೇಲೆ ಉಣ್ಣಲು ಕೂತ ತ್ರಿಶಾ ತುತ್ತು ಕೈಯಲ್ಲೇ ಹಿಡಿದು ಗೋಡೆಗೆ ಕಿವಿಗೊಟ್ಟಳು.

"ಅಮ್ಮಾ, ವಿಮಲಕ್ಕ ಕರೀತಾರೆ. ಬರ್ತೇನೆ ಅಂದವಳು ಯಾಕೆ ಬರ್ಲಿಲ್ಲ ಅಂತ ಕೇಳ್ತಾರೆ."

"ಎಂಥದೂ ಇಲ್ಲ, ಉಣ್ಣು ಮಾರಾಯ್ತಿ!" ಎಂದೆ. ಆದರೆ ಆಚೆ ಬಟ್ಟಲು ಸರಿಸಿದ ಸದ್ದು ನನಗೂ ಕೇಳಿತ್ತು.

ನನ್ನ ಗಂಡ ಪುಷ್ಪರಾಜ ಕಿಂಡಿಗೆ ಸಿಮೆಂಟು ಮೆತ್ತಿದರು. ಸದ್ದು ಗೋಡೆಯುದ್ದಕ್ಕೂ ಬರತೊಡಗಿತು. ಹುಡುಗಿ ಅನ್ನ ಬಿಟ್ಟಳು. ಡಾಕ್ಟರು ಏನೂ ಇಲ್ಲ ಎಂದರು. ಏನೂ ಇಲ್ಲವಂತೆ, ಮಗಳು ಕಣ್ಣೆದುರೇ ಕಡ್ಡಿಯಾಗುತ್ತಿದ್ದಾಳೆ! ಒಂದು ಸಂಜೆ ಅವಳು ಬಟ್ಟಲು ಹಿಡಿದು ಹೊರಗೆ ಹೋದಳು. ಹಿಂದೆಯೇ ಓಡಿದೆ. ಪಕ್ಕದ ಜಗಲಿಯಲ್ಲಿ ನಿಂತು ಬೀಗ ಜಗ್ಗುತ್ತಿದ್ದಳು. ಎಳೆದು ತಂದು ಕೂರಿಸಿದೆ. ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ಗೋಡೆಗೆ ಬಾಯಿಟ್ಟು ಕೂಗಿದೆ: "ವಿಮಲಕ್ಕ, ಮಕ್ಕಳ ಮಾತು ಹಿಡ್ಕೊಂಡು ಕೂತ್ಕೊಳ್ಳುದಾ? ನಿಮಗೆ ನಾಚಿಕೆ ಉಂಟಾ? ಅವಳನ್ನು ಬಿಡಿ. ನಾನು ಬರ್ತೇನೆ."

ಗೋಡೆ ಸುಮ್ಮನಾಯಿತು.

"ಅಮ್ಮಾ, ಹಸಿವಾಗ್ತದೆ" ಎಂದಳು ತ್ರಿಶಾ. ಬಡಿಸಿದಷ್ಟೂ ಉಂಡು ಮತ್ತೆ ಹಾಕಿಸಿಕೊಂಡಳು. ನನಗೆ ಅಳು ಬಂತು, ಸಂತೋಷದ್ದೇ.

ನಾನೂ ಉಣ್ಣುವ ಎಂದು ಅಡುಗೆಕೋಣೆಗೆ ಹೋದೆ. ನನ್ನ ಬಟ್ಟಲು ಅಲ್ಲಿರಲಿಲ್ಲ. ಗೋಡೆಯಾಚೆ ಯಾರೋ ಅನ್ನ ಬಡಿಸುತ್ತಿದ್ದರು, ಒಂದು ಬಟ್ಟಲಿಗೆ, ಆಮೇಲೆ ಇನ್ನೊಂದಕ್ಕೆ.