ಪೆನ್ನಿನ ಬಾಲಕ್ಕೆ ಮುಚ್ಚಳ

ಡಾಕ್ಟರ್ ಅರಾನ್ಸಿಬಿಯಾ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಮೂವತ್ತು ವರ್ಷದಿಂದ ಅವರು ತೆಗೆಯುವುದೇ ಹಾಗೆ. ಮೂರು ದಿಂಬಿಗೆ ಒರಗಿದ್ದ ಎರ್ಮೆಲಿಂದಾ ಉಸಿರು ಬಿಗಿಹಿಡಿದು ಅವರ ಎಡಗೈಗಾಗಿ ಕಾದಳು. ಎಡಗೈ ಕೋಟಿನ ಜೇಬಿನಿಂದ ಹೊರಗೇ ಬರಲಿಲ್ಲ. ಹಲ್ಲಿನಲ್ಲಿದ್ದ ಮುಚ್ಚಳಕ್ಕೆ ಡಾಕ್ಟರು ಪೆನ್ನಿನ ಬಾಲವನ್ನು ಒತ್ತಿದರು. ಟಕ್ ಎಂದಿತು.

ಎರ್ಮೆಲಿಂದಾಳ ಮುಖ ಸುಣ್ಣ ಬಳಿದ ಹಾಗಾಯಿತು. ಬಾಗಿಲ ಬಳಿ ಬೇಸಿನ್ ಹಿಡಿದು ನಿಂತಿದ್ದ ತಂಗಿ ಕಾಸಿಲ್ದಾ ಅದನ್ನು ನೋಡಿದಳು. ಅವಳಿಗೀಗ ಅರವತ್ತಮೂರು. ಅಕ್ಕ ಹೆದರಿದ್ದನ್ನು ಹುಟ್ಟಿದಾರಭ್ಯ ನೋಡಿರಲಿಲ್ಲ. ಕಣ್ಣು ಕೀಳಲು ಮನಸ್ಸು ಬರಲಿಲ್ಲ.

ಆ ಕಣಿವೆಯ ಊರಿನಲ್ಲಿ ಡಾಕ್ಟರ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಅವರು ಎಲ್ಲರಿಗೂ "ಏನಿಲ್ಲ, ಏನಿಲ್ಲ" ಅನ್ನುವವರು. ಹಳೆಯ ಪಾದ್ರಿಗೆ ಬೆಳಿಗ್ಗೆ ಏನಿಲ್ಲ ಅಂದರು, ಮಧ್ಯಾಹ್ನ ಪಾದ್ರಿಯೇ ಇಲ್ಲ. ಊರು ನಂಬುತ್ತಿದ್ದುದು ಮುಚ್ಚಳವನ್ನು. ಔಷಧದ ಚೀಟಿಯಾದರೆ ಡಾಕ್ಟರು ಅಂಗೈಯಲ್ಲೇ ಇಟ್ಟುಕೊಂಡು ಗೀಚುವರು, ಮುಚ್ಚಳ ಎಡಗೈಯ ಬೆರಳುಗಳ ಸಂದಿಯಲ್ಲಿರುವುದು. ಮರಣಪತ್ರವಾದರೆ ಉದ್ದದ ಹಾಳೆ, ಅದನ್ನು ಒತ್ತಿ ಹಿಡಿಯಲು ಎಡಗೈ ಬೇಕು, ಮುಚ್ಚಳ ಬಾಲಕ್ಕೇರುವುದು. ಕೆಲವರ ವಿಷಯದಲ್ಲಿ ಎರಡು ದಿನ ಮೊದಲೇ, ಪಾದ್ರಿಗೋ ಮಕ್ಕಳಿಗೋ ಪತ್ರ ಬರೆಯುವಾಗಲೇ ಏರಿಬಿಡುವುದು. ಮುಚ್ಚಳ ಕೈಯಲ್ಲಿದ್ದರೆ ಮನೆಯವರು ಔಷಧದಂಗಡಿಗೆ ಓಡುವರು, ಬಾಲದಲ್ಲಿದ್ದರೆ ಬಡಗಿಯ ಹತ್ತಿರ ಓಡುವರು. ಒಂದೇ ಶಾಯಿ, ಬದುಕುವವರಿಗೂ ಸಾಯುವವರಿಗೂ. ಇದು ಊರಿಗೆಲ್ಲ ಗೊತ್ತು, ಡಾಕ್ಟರೊಬ್ಬರಿಗೆ ಬಿಟ್ಟು.

"ಏನಿಲ್ಲ, ಏನಿಲ್ಲ" ಎಂದು ಡಾಕ್ಟರು ಎದ್ದರು.

ಹಜಾರಕ್ಕೆ ಬಂದ ಮೇಲೆ ಅವರು ಒಮ್ಮೆ ಮೂಗೆಳೆದು, "ಹ್ಞೂಂ" ಎಂದು, ಕಾಸಿಲ್ದಾಳ ಕೈಗೆ ಚೀಟಿ ಕೊಟ್ಟರು. "ಬರೀ ಪಿತ್ತ ಕಣ್ರೀ. ಹಂದಿಮಾಂಸ ಬಿಡಿಸಿ, ಸೋಂಪಿನ ಕಷಾಯ ಕೊಡಿ. ಅಕ್ಷರ ಸೊಟ್ಟಗಿದೆ, ಬೈಕೋಬೇಡಿ. ಅಂಜೂರ ಕೀಳೋಕೆ ಹೋಗಿ ಕಣಜ ಕುಟುಕಿಬಿಡ್ತು." ಜೇಬಿನಿಂದ ಎಡಗೈ ತೆಗೆದು ತೋರಿಸಿದರು. ಹೆಬ್ಬೆರಳು ದಪ್ಪ ಕೆಂಪು ಮೆಣಸಿನಕಾಯಿಯಂತೆ ಊದಿಕೊಂಡಿತ್ತು. "ಒಂದು ಕ್ಯಾಪೂ ಹಿಡಿಯೋಕಾಗ್ತಿಲ್ಲ ಅಂದ್ರೆ!"

ಕಾಸಿಲ್ದಾ ಒಳಗೆ ಹೋದಳು. ಕಣಜದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಏನಂದ?" ಎಂದಳು ಅಕ್ಕ.

"ಏನಿಲ್ಲ ಅಂದ್ರು."

ಸುಳ್ಳು ಹೇಳಲಿಲ್ಲವಲ್ಲ ಎಂದು ಕಾಸಿಲ್ದಾ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಎರ್ಮೆಲಿಂದಾ ಗೋಡೆಯ ಕಡೆ ತಿರುಗಿ, "ಪಾದ್ರಿಗೂ ಹಂಗೇ ಅಂದಿದ್ದ" ಎಂದಳು.

ಸಂಜೆ ಹೇಳಿದರಾಯಿತು ಅಂದುಕೊಂಡಿದ್ದಳು ಕಾಸಿಲ್ದಾ. ಆದರೆ ಸಂಜೆ ನೀರು ಕುಡಿಸಿದಾಗ ಅಕ್ಕ ಅವಳ ಮಣಿಕಟ್ಟು ಹಿಡಿದು, "ನಿನಗೆ ಪುಣ್ಯ ಬರ್ಲಿ ಕಣೇ" ಅಂದಳು. ಆ ಬಾಯಲ್ಲಿ ಆ ಮಾತು! ಇನ್ನೊಂದು ದಿನ ಇರಲಿ ಅನ್ನಿಸಿತು.

ಎರ್ಮೆಲಿಂದಾ ಊರಿಗೇ ಹೆಸರಾದ ಅಣಕುಗಾತಿ. ಮೇಯರ್ ಸೀನಿದಂತೆ ಸೀನುವಳು, ಗಂಟೆ ಹೊಡೆಯುವ ಕುಂಟ ಚರ್ಚಿನ ಮೆಟ್ಟಿಲು ಹತ್ತಿದಂತೆ ಹತ್ತುವಳು, ನಗು ತಡೆಯಲಾರದೆ ಜನ ಪಕ್ಕೆ ಹಿಡಿದುಕೊಳ್ಳುವರು. ನಲವತ್ತು ವರ್ಷದ ಹಿಂದೆ ಅಬ್ದೋನ್ ಎಂಬ ತಂತಿ ಆಫೀಸಿನವನು ಕಾಸಿಲ್ದಾಳನ್ನು ಮದುವೆಗೆ ಕೇಳಲು ಬಂದಿದ್ದ. ಅವನಿಗೆ ಮಾತಿನಲ್ಲಿ ತೊದಲು. ತಂತಿಯ ಕೀಲಿಯ ಮೇಲೆ ಮಾತ್ರ ಬೆರಳು ಕುದುರೆಯಂತೆ ಓಡುತ್ತಿತ್ತು. ಊಟದ ಮೇಜಿನಲ್ಲಿ ಎರ್ಮೆಲಿಂದಾ ಅವನೆದುರೇ "ಉ-ಉ-ಉಪ್ಪು ಕೊ-ಕೊ-ಕೊಡಿ" ಎಂದಳು. ಎಲ್ಲರೂ ನಕ್ಕರು. ತಡೆಯಲಾಗದೆ ಕಾಸಿಲ್ದಾಳೂ ನಕ್ಕುಬಿಟ್ಟಳು. ಅವನು ಎದ್ದುಹೋದ. ಅದೇ ವಾರ ಗಡಿಯ ಕಡೆ ವರ್ಗವಾಯಿತೆಂದು ಕೇಳಿದಳು. ಮತ್ತೆ ಬರಲೇ ಇಲ್ಲ. ನಾನು ನಕ್ಕಿದ್ದಕ್ಕೇ ಬರಲಿಲ್ಲ ಎಂದು ಕಾಸಿಲ್ದಾ ನಲವತ್ತು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದಳು.

ಮರುದಿನ ಎದುರುಮನೆಯ ರೊಟ್ಟಿ ಮಾರುವ ಪೆಟ್ರೋನಾ ಅಳುತ್ತಾ ಬಂದಳು, ಅಳುತ್ತಲೇ ಕೇಳಿದಳು: "ಆ ಕಪ್ಪು ಶಾಲು ಯಾರಿಗೆ ಬರ್ದಿದೀಯಾ, ಎರ್ಮೆಲಿಂದಾ?" ಬಡಗಿ ಕಿಟಕಿಯಾಚೆ ಎರಡು ಸಲ ಹಾದುಹೋದ. ಮೂರನೆಯ ಸಲ ನಿಂತು, ಮಂಚದ ಉದ್ದವನ್ನು ಕಣ್ಣಲ್ಲೇ ಅಳೆದ. ಎರ್ಮೆಲಿಂದಾ ಊಟ ಬಿಟ್ಟಳು. "ಸಾಯೋಳಿಗೆ ಸೂಪ್ ಯಾಕೆ, ಬೆಕ್ಕಿಗೆ ಹಾಕು" ಅಂದಳು. ಬೆಕ್ಕು ದಪ್ಪಗಾಗುತ್ತಿತ್ತು. ಕಾಸಿಲ್ದಾಳಿಗೆ ಭಯವೂ ಆಗುತ್ತಿತ್ತು, ಆದರೂ ಹಸಿವು ಮಾತ್ರ ಎಂದಿಲ್ಲದಷ್ಟು ಚೆನ್ನಾಗಿ ಆಗುತ್ತಿತ್ತು.

ಮೂರನೆಯ ದಿನ ಪಾದ್ರಿ ಬಂದು ಪಾಪನಿವೇದನೆ ಕೇಳಿಕೊಂಡು ಹೋದರು. ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅಕ್ಕ ಕರೆದಳು.

"ಬಾರೇ ಇಲ್ಲಿ. ನಿನಗೂ ಒಂದು ಹೇಳ್ಬೇಕಂತೆ, ಇಲ್ಲದಿದ್ರೆ ಕ್ಷಮೆ ಇಲ್ವಂತೆ. ಅಬ್ದೋನ್ ವಾಪಸ್ ಬಂದಿದ್ದ."

ಕಾಸಿಲ್ದಾ ಮಂಚದ ಅಂಚಿನಲ್ಲಿ ಕೂತಳು.

"ಊಟದ ಮಾರನೇ ದಿನವೇ. ನೀನು ಹಳ್ಳಕ್ಕೆ ಬಟ್ಟೆ ಒಗೆಯೋಕೆ ಹೋಗಿದ್ದೆ. ಬಾಗಿಲು ತಟ್ಟಿದ. ವರ್ಗ ಆಗಿದೆ, ಜ-ಜ-ಜೊತೆಗೆ ಬರ್ತೀಯಾ ಅಂದ. ನಾನು ಬಾಗಿಲು ತೆಗೀಲಿಲ್ಲ. ಒಳಗಿಂದಲೇ ಅಂದೆ." ಎರ್ಮೆಲಿಂದಾ ಕಣ್ಣು ಮುಚ್ಚಿದಳು. ಆ ಒಣಗಿದ ಬಾಯಿಂದ ಇಪ್ಪತ್ತಮೂರರ ಹುಡುಗಿಯೊಬ್ಬಳು ತೆಳ್ಳಗೆ, ಮೆಲ್ಲಗೆ ಮಾತಾಡಿದಳು: "ಹೋಗು ಅಬ್ದೋನ್. ಜೀವನಪೂರ್ತಿ ನಗು ತಡ್ಕೊಂಡಿರೋಕೆ ನನ್ನ ಕೈಲಾಗಲ್ಲ."

ಅದು ಕಾಸಿಲ್ದಾಳದೇ ದನಿ. ಅವಳೇ ಮರೆತಿದ್ದ ದನಿ. ಅಕ್ಕ ಅದನ್ನು ಒಂದಿಷ್ಟೂ ಕೆಡದಂತೆ ಕಾಪಾಡಿಟ್ಟಿದ್ದಳು.

"ತುಂಬಾ ಹೊತ್ತು ನಿಂತಿದ್ದ ಕಣೇ. ಈಗ ಕ್ಷಮಿಸಿದೆ ಅನ್ನು. ಬೇಗ ಅನ್ನು, ಟೈಮಿಲ್ಲ."

ಕಾಸಿಲ್ದಾ ದಿಂಬು ಸರಿಮಾಡಿದಳು, ಹೊದಿಕೆ ಎಳೆದಳು, ಹೊರಗೆ ಬಂದು ಬಾಗಿಲು ಹಾಕಿದಳು. ಹಜಾರದಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಮುಖ ಹತ್ತಿರ ತಂದಳು. ಅವಳ ಗಂಟಲಿನಿಂದ ದಪ್ಪನೆಯ, ಮೂಗಿನ ದನಿಯೊಂದು ಎದ್ದಿತು:

"ಹ್ಞೂಂ... ಕಾಸಿಲ್ದಾ ಅವರೇ, ನಿಮ್ಮ ಹತ್ರ ಮುಚ್ಚಿಡೋದೇನು. ಭಾನುವಾರ ದಾಟಲ್ಲ. ನೋವು ತುಂಬಾ ಇರುತ್ತೆ, ಕಿರುಚ್ತಾರೆ, ನೀವು ಗಟ್ಟಿ ಮನಸ್ಸು ಮಾಡ್ಕೊಳ್ಳಿ."

ಒಳಗೆ ಮಂಚ ಕಿರ್ ಎಂದಿತು. ಆಮೇಲೆ ಅಕ್ಕನ ದನಿ, ಮೂರು ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ:

"ಮೊದಲು ಮೂಗೆಳೀತಾನೆ ಕಣೇ, ದಡ್ಡಿ. ಹ್ಞೂಂ ಆಮೇಲೆ."

ಕಾಸಿಲ್ದಾ ಬಾಗಿಲಿಗೆ ಅಂಟಿಕೊಂಡೇ ನಿಂತಳು.

"ನಿಜವಾಗ್ಲೂ ಸಾಯೋ ಹಂಗಿದ್ರೆ ನೀನು ನಾಟಕ ಆಡೋ ತೊಂದ್ರೆ ತಗೋತಿದ್ದೆಯಾ? ಸೂಪ್ ತಾ. ಖಾರ ಜಾಸ್ತಿ ಹಾಕು. ಆಮೇಲೆ ಕ್ಯಾಪಿನ ಕತೆ ಏನು ಹೇಳು."

ಸೂಪು ತಂದಳು. ಕಣಜದ ಕತೆಯನ್ನೂ ಹೇಳಿದಳು. ಎರ್ಮೆಲಿಂದಾ ಕೆಮ್ಮು ಬರುವಷ್ಟು ನಕ್ಕಳು.

ಶನಿವಾರ ಬೆಳಿಗ್ಗೆ ಅವಳು ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಪೆಟ್ರೋನಾ, ಬಡಗಿಯ ಹೆಂಡತಿ, ಇನ್ನಿಬ್ಬರು ಸೇರಿದ್ದರು. ಅಳಲು ತಂದ ಕರವಸ್ತ್ರಗಳನ್ನು ನಗುವಿಗೆ ಬಳಸುತ್ತಿದ್ದರು. "ನಲವತ್ತು ವರ್ಷಕ್ಕೆ ಒಂದ್ಸಲ ಬಾಯಿಬಿಟ್ಲು, ಅದೂ ಗಂಡಸಿನ ದನೀಲಿ!" ಎನ್ನುತ್ತಾ ಎರ್ಮೆಲಿಂದಾ ತಂಗಿ ಡಾಕ್ಟರ ದನಿ ತೆಗೆದದ್ದನ್ನು ಅಣಕಿಸಿ ತೋರಿಸಿದಳು. ಕಾಸಿಲ್ದಾ ಎಲ್ಲರಿಗೂ ಹೂಜಿಯಿಂದ ಚಿಚಾ, ಮೆಕ್ಕೆಜೋಳದ ಹೆಂಡ, ಬಗ್ಗಿಸುತ್ತಿದ್ದಳು.

"ಹಳೇದನ್ನ ಮಾಡೇ, ಆ ತಂತಿಯವನ್ನ" ಎಂದಳು ಪೆಟ್ರೋನಾ.

ಎರ್ಮೆಲಿಂದಾ ತಂಗಿಯ ಮುಖವನ್ನೇ ನೋಡುತ್ತಾ ಮಾಡಿದಳು. "ಕ-ಕ-ಕಾಸಿಲ್ದಾ, ಬ-ಬ-ಬಾಗಿಲು ತೆಗಿ." ಕೋಣೆ ಬಿದ್ದು ಬಿದ್ದು ನಕ್ಕಿತು. ಕಾಸಿಲ್ದಾ ಒಂದು ಹನಿಯೂ ಚೆಲ್ಲದೆ ಬಗ್ಗಿಸಿದಳು.

ಅದೇ ಹೊತ್ತಿಗೆ ಡಾಕ್ಟರು ಬಂದರು. ನಾಡಿ ನೋಡಿದರು, ಹೊಟ್ಟೆ ಒತ್ತಿದರು, ಮೂಗೆಳೆದರು. "ಹ್ಞೂಂ. ಏನಿಲ್ಲ, ಏನಿಲ್ಲ." ಹೆಂಗಸರು ಕಿಸಕ್ಕೆಂದರು. ಡಾಕ್ಟರು ಮುಚ್ಚಳವನ್ನು ಹಲ್ಲಿನಿಂದ ತೆಗೆದರು. ಎಡಗೈ ಜೇಬಿನಿಂದ ಬಂತು, ಬಾವು ಇಳಿದಿತ್ತು. ಬೆರಳುಗಳ ಸಂದಿಯಲ್ಲಿ ಮುಚ್ಚಳ ನೆಟ್ಟಗೆ ನಿಂತಿತು. ಎರ್ಮೆಲಿಂದಾ ಪೆಟ್ರೋನಾಗೆ ಕಣ್ಣು ಹೊಡೆದಳು.

ಕಾಸಿಲ್ದಾ ಹೂಜಿ ಕೆಳಗಿಟ್ಟಳು. ಲಂಗದ ಅಂಚಿಗೆ ಕೈ ಒರೆಸಿಕೊಂಡು ಡಾಕ್ಟರ ಪಕ್ಕಕ್ಕೆ ಬಂದಳು.

"ಕೊಡಿ ಡಾಕ್ಟ್ರೇ, ಪಾಪ ನೋಯ್ತಿರಬೇಕು" ಎಂದು ಅವರ ಬೆರಳುಗಳ ನಡುವಿನಿಂದ ಮುಚ್ಚಳವನ್ನು ಮೆಲ್ಲಗೆ ಬಿಡಿಸಿಕೊಂಡಳು. ಬರೆಯುತ್ತಿದ್ದ ಪೆನ್ನಿನ ಬಾಲಕ್ಕೆ ಇಟ್ಟು ಒತ್ತಿದಳು.

ಟಕ್.

"ಓಹ್, ಉಪಕಾರ ಆಯ್ತು" ಎಂದು ಡಾಕ್ಟರು ತಲೆಯೆತ್ತದೆ ಬರೆಯುತ್ತಲೇ ಇದ್ದರು.

ಕೋಣೆಯಲ್ಲಿ ನಗು ನಿಂತಿತು. ಬಡಗಿಯ ಹೆಂಡತಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. ಪೆಟ್ರೋನಾ ತನ್ನ ಕುರ್ಚಿಯನ್ನು ಮಂಚದಿಂದ ಒಂದು ಗೇಣು ಹಿಂದಕ್ಕೆ ಸರಿಸಿದಳು. ಕಣಜದ ಕತೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಎರ್ಮೆಲಿಂದಾಗೂ ಗೊತ್ತಿತ್ತು. ಆದರೂ ಮುಚ್ಚಳ ಬಾಲದಲ್ಲಿತ್ತು, ಪೆನ್ನು ಅವಳ ಹೆಸರನ್ನು ಬರೆಯುತ್ತಿತ್ತು. ಅವಳ ಕಣ್ಣು ಅಲ್ಲೇ ನೆಟ್ಟುಹೋಯಿತು.

"ತೆ-ತೆ-ತೆಗಿಯೇ ಅದನ್ನ" ಎಂದಳು.

ಯಾರೂ ನಗಲಿಲ್ಲ. ಕಾಸಿಲ್ದಾ ಹೂಜಿ ಎತ್ತಿಕೊಂಡು, "ಯಾರಿಗೆ ಇನ್ನೊಂದ್ಸ್ವಲ್ಪ?" ಎಂದು ಕೇಳಿದಳು.