ಪ್ರಕಟವಾಗದ ಎರಡು ಪ್ರತಿಕ್ರಿಯೆಗಳು

ರಾಜೇಂದ್ರನ ಹುಟ್ಟೂರು ದೇವನೂರು. ಸಂಸಾರ ನಂಜನಗೂಡಿನ ಬಾಡಿಗೆ ಮನೆಯಲ್ಲಿ, ಕೆಲಸ ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ಬೆಳಿಗ್ಗೆ ಎಂಟೂಕಾಲಿನ ಬಸ್ಸು ಹತ್ತಿದರೆ ಸಂಜೆ ಆರೂವರೆಗೆ ವಾಪಸ್ಸು. ಬಸ್ಸಿಳಿದವನು ಮನೆಗೆ ಹೋಗುವ ಮೊದಲು ನಂಜುಂಡೇಶನ ಸೈಬರ್ ಸೆಂಟರಿನ ಮೂಲೆಯ ಕಂಪ್ಯೂಟರಿನ ಮುಂದೆ ಒಂದು ಗಂಟೆ ಕೂರುತ್ತಿದ್ದ. ಇಲಾಖೆ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಹೆಂಡತಿ ರೋಜಾಳಿಗೆ ಹೇಳಿದ್ದ. ಅವನು ಓದುತ್ತಿರಲಿಲ್ಲ, ಬರೆಯುತ್ತಿದ್ದ.

2007ರಲ್ಲಿ ‘ಹೊಳೆಯಾಚೆ’ ಎಂಬ ಬ್ಲಾಗು ಶುರು ಮಾಡಿದ್ದ. ಬರೆದವರ ಹೆಸರು ಇರಬೇಕಾದ ಕಡೆ ‘ಆಚೆದಡದವನು’ ಎಂದಷ್ಟೇ ಇತ್ತು. ಮೊದಲ ಆರು ತಿಂಗಳು ಓದಿದವರು ಇಪ್ಪತ್ತೋ ಮೂವತ್ತೋ ಜನ. ಆಮೇಲೆ ಒಂದು ಊರಿನಲ್ಲಿ ಎಲ್ಲ ಬೀದಿಗಳಿಗೂ ನೀರಿನ ಪೈಪು ಹಾಕಿ ದಲಿತರ ಕೇರಿಯೊಂದನ್ನು ಮಾತ್ರ ಬಿಟ್ಟಿದ್ದನ್ನು ಬರೆದ. ಯಾರೋ ಅದನ್ನು ಪ್ರಿಂಟು ತೆಗೆದು ಮೇಲಧಿಕಾರಿಗಳಿಗೆ ಕಳಿಸಿದರು. ಹದಿನೈದು ದಿನದಲ್ಲಿ ಕೇರಿಗೆ ನಲ್ಲಿ ಬಂತು. ಹೆಸರು ಹಾಕಿದ್ದರೆ ಅಷ್ಟರೊಳಗೆ ತನ್ನನ್ನು ಎಲ್ಲಿಗೋ ಎತ್ತಿಹಾಕುತ್ತಿದ್ದರು ಎಂದು ರಾಜೇಂದ್ರನಿಗೆ ಗೊತ್ತಿತ್ತು. ಆ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ.

ಮರುವರ್ಷ ಆಗಸ್ಟಿನಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರೊಬ್ಬರು ನಂಜನಗೂಡಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ವಿಷಯ ತೆಗೆದರು. ಅವರ ಮಗಳು ಅಲ್ಲೇ ಇದ್ದಳಂತೆ. ಮಕ್ಕಳಿಗೆ ಹುಳ ಬಿದ್ದ ಅಕ್ಕಿಯ ಅನ್ನ, ಹಾಡಹಗಲೇ ಅಕ್ಕಿ ಮೂಟೆಗಳು ಆಟೋದಲ್ಲಿ ಆಚೆ ಹೋಗುತ್ತವೆ, ಮೂರು ಸಲ ನಾನೇ ಕಣ್ಣಾರೆ ಕಂಡಿದ್ದೇನೆ ಎಂದರು. ರಾಜೇಂದ್ರ ಸ್ವತಃ ಹಾಸ್ಟೆಲಿನ ಅನ್ನ ತಿಂದು ಓದಿದವನು. ತಟ್ಟೆಯ ಅಂಚಿಗೆ ಹುಳ ಆರಿಸಿಟ್ಟು ಉಂಡವನು. ಅಂದು ಸಂಜೆ ಒಂದೇ ಉಸಿರಿಗೆ ಬರೆದು, ವಾರ್ಡನ್ ಕೆಂಪಾಜಮ್ಮನ ಹೆಸರು ಹಾಕಿ ಪ್ರಕಟಿಸಿದ. ಅವರನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ನಾಲ್ಕನೆಯ ದಿನ ಒಂದು ಪ್ರತಿಕ್ರಿಯೆ ಬಂತು. ಅವನು ಒಪ್ಪಿದರಷ್ಟೇ ಅದು ಉಳಿದವರಿಗೆ ಕಾಣುವಂತೆ ಬ್ಲಾಗನ್ನು ಮೊದಲೇ ಹೊಂದಿಸಿಟ್ಟಿದ್ದ. ‘ಇದು ಸುಳ್ಳು. ಮೂಟೆಗಳು ಎಲ್ಲಿಗೆ ಹೋದವು ಅನ್ನುವುದಕ್ಕೆ ರಸೀದಿ ಇದೆ. ದಯವಿಟ್ಟು ಫೋನ್ ಮಾಡಿ’ ಎಂದು ಬರೆದು, ಕೆಳಗೆ ಧನುಶ್ರೀ ಎಂಬ ಹೆಸರು, ಒಂದು ಮೊಬೈಲ್ ನಂಬರು. ರಾಜೇಂದ್ರ ಆ ನಂಬರನ್ನು ಬಹಳ ಹೊತ್ತು ನೋಡಿದ. ಫೋನು ಮಾಡಿದರೆ ತಾನು ಯಾರೆಂದು ತಿಳಿಯುತ್ತದೆ. ಬೂತಿನಿಂದ ಮಾಡಿದರೂ ದನಿ ಗುರುತು ಹಿಡಿಯಬಹುದು. ಕೊನೆಗೆ, ತಪ್ಪು ಮಾಡಿದವರ ಕಡೆಯವರು ಹೀಗಲ್ಲದೆ ಇನ್ನು ಹೇಗೆ ಬರೆಯುತ್ತಾರೆ ಎಂದುಕೊಂಡು ಎದ್ದುಬಂದ. ವಾರದ ನಂತರ ಅದೇ ಹುಡುಗಿಯಿಂದ ಇನ್ನೊಂದು ಬಂತು. ‘ನನ್ನ ಅಮ್ಮನ ಹೆಸರು ಬರೆದಿದ್ದೀರಿ. ನಿಮ್ಮ ಹೆಸರು ಯಾವುದು?’ ಅವನು ಅದನ್ನು ಪ್ರಕಟಿಸಲೂ ಇಲ್ಲ, ಅಳಿಸಲೂ ಇಲ್ಲ.

ಅಷ್ಟರಲ್ಲಿ ಬರಹ ಅವನ ಕೈ ದಾಟಿ ಹೋಗಿತ್ತು. ಪ್ರಿಂಟು ತೆಗೆದು ಜೆರಾಕ್ಸ್ ಮಾಡಿ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದರು. ಧನುಶ್ರೀಯ ಕಾಲೇಜಿನ ನೋಟೀಸ್ ಬೋರ್ಡಿನಲ್ಲೂ ಒಂದು ಪ್ರತಿ ಕಾಣಿಸಿಕೊಂಡಿತು. ತಂದೆತಾಯಂದಿರು ಬಂದು ಹಾಸ್ಟೆಲಿನ ಗೇಟಿನ ಮುಂದೆ ನಿಂತರು. ಕೆಂಪಾಜಮ್ಮನನ್ನು ಅಮಾನತಿನಲ್ಲಿಟ್ಟು ವಿಚಾರಣೆಗೆ ಆದೇಶವಾಯಿತು. ಅವರು ಹಾಸ್ಟೆಲಿನ ಕ್ವಾರ್ಟರ್ಸು ಬಿಟ್ಟು ಹೊಳೆಯ ಕಡೆಯ ಬೀದಿಯ ಎರಡು ಕೋಣೆಯ ಮನೆಗೆ ಹೋದರು. ಬರೆದವರು ಯಾರೆಂದು ಪತ್ತೆ ಮಾಡಿಕೊಡಿ ಎಂದು ಪೊಲೀಸರಿಗೆ ಅರ್ಜಿ ಕೊಟ್ಟರು. ಪೊಲೀಸರು ವಿಚಾರಿಸಿದಾಗ ಗೋಡೆಗೆ ಅಂಟಿಸಿದ ಪ್ರಿಂಟು ನಂಜುಂಡೇಶನ ಅಂಗಡಿಯದೆಂದು ತಿಳಿಯಿತು. ಬರೆದವನೂ ಅವನೇ ಇರಬೇಕೆಂದು ಎರಡು ಸಲ ಕರೆಸಿ ಕೂರಿಸಿಕೊಂಡರು.

ಐದು ತಿಂಗಳ ಮೇಲೆ ವಿಚಾರಣೆ ಮುಗಿಯಿತು. ಹುಳ ಬಿದ್ದ ಅಕ್ಕಿಯನ್ನು ಕೆಂಪಾಜಮ್ಮ ಮೂರು ಸಲವೂ ಗೋದಾಮಿಗೆ ಹಿಂತಿರುಗಿಸಿ ಬೇರೆ ಅಕ್ಕಿ ತರಿಸಿದ್ದರು. ಪ್ರತಿ ಸಲದ್ದೂ ಮೊಹರಿನ ರಸೀದಿ ಇತ್ತು. ಅವರದು ತಪ್ಪಿಲ್ಲವೆಂದು ಒಂದೇ ಪುಟದ ಆದೇಶ ಬಂತು. ಅದನ್ನು ಯಾರೂ ಗೋಡೆಗೆ ಅಂಟಿಸಲಿಲ್ಲ.

ಈ ಸುದ್ದಿಯನ್ನು ರಾಜೇಂದ್ರನಿಗೆ ಹೇಳಿದವನು ನಂಜುಂಡೇಶ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಸಾ, ನೀವೇ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು. ಟೇಸನ್ನಲ್ಲಿ ಏಳ್ಲಿಲ್ಲ, ಇನ್ಮೇಲೂ ಏಳಲ್ಲ” ಎಂದ. “ಆದ್ರೆ ಒಂದ್ಸಲ ಆಯಮ್ಮನ ಮನೆತಾವ ಓಗಿ ಬನ್ನಿ.”

ಮುಂದಿನ ಭಾನುವಾರ ಬೆಳಿಗ್ಗೆ ರಾಜೇಂದ್ರ ಹೋದ. ಕೆಂಪಾಜಮ್ಮ ಬಾಗಿಲಲ್ಲಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಐವತ್ತು ದಾಟಿದ, ಬಡಕಲು ಮೈಯ ಹೆಂಗಸು. ಅವನು ಹೆಸರು, ಊರು, ಕೆಲಸ ಎಲ್ಲ ಹೇಳಿ, ಅದನ್ನು ಬರೆದವನು ತಾನೇ ಎಂದ. ಮೊರ ನಿಂತಿತು. ಒಳಗಿನಿಂದ ಧನುಶ್ರೀ ಬಂದು ತಾಯಿಯ ಹಿಂದೆ ನಿಂತಳು.

“ಹಾಸ್ಟೆಲಲ್ಲಿ ಓದ್ದೋನಾ ನೀನು?” ಎಂದು ಕೆಂಪಾಜಮ್ಮ ಕೇಳಿದರು.

“ಹೂಂ ಮೇಡಂ.”

“ಹುಳದಕ್ಕಿ ತಿಂದಿದ್ದೀಯಾ?”

“ತಿಂದಿದ್ದೀನಿ.”

“ಅದ್ಕೇ ಕಣಪ್ಪ ನಾನು ವಾಪಸ್ ಕಳ್ಸಿದ್ದು.”

ನಂಬರು ಹಾಕಿದ್ದೆನಲ್ಲ, ನೋಡಲಿಲ್ಲವೇ ಎಂದು ಧನುಶ್ರೀ ಕೇಳಿದಳು. ನೋಡಿದ್ದೆ, ಫೋನು ಮಾಡಿದರೆ ನಾನು ಯಾರೆಂದು ಗೊತ್ತಾಗುತ್ತಿತ್ತು, ಅದಕ್ಕೆ ಮಾಡಲಿಲ್ಲ ಎಂದ. ಅವಳು ಮುಖ ತಿರುಗಿಸಿಕೊಂಡಳು.

ಕೆಂಪಾಜಮ್ಮ ಬಯ್ಯುತ್ತಾರೆಂದು ಅವನು ಕಾದ. ಅವರು ಮೊರವನ್ನು ಪಕ್ಕಕ್ಕಿಟ್ಟರು.

“ಬಯ್ಯೋಕೂ ತ್ರಾಣಿಲ್ಲ ಕಣಪ್ಪ. ಐದು ತಿಂಗ್ಳು ದಾರೀಲಿ ಎದುರಾದೋರ ಮುಖ ಎಲ್ಲ ನೋಡ್ದೆ, ಇವ್ನಾ, ಅವ್ಳಾ ಅಂತ. ಅಡುಗೆಯೋಳ ಮೇಲೆ ಅನುಮಾನ ಬಂತು. ಒಡಹುಟ್ಟಿದಣ್ಣನ ಮೇಲೂ ಬಂತು, ಅವ್ನ ಜೊತೆ ಮಾತೇ ಬಿಟ್ಟೆ. ನೀನು ಅಂತ ಗೊತ್ತಾಯ್ತಲ್ಲ, ಇನ್ನು ಅವ್ರನ್ನೆಲ್ಲ ಸುಮ್ನೆ ನೋಡ್ಬೋದು.”

ಏನು ಮಾಡಬೇಕು ಹೇಳಿ ಎಂದು ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟವಳು ಧನುಶ್ರೀ. “ನಿಮ್ಮ ಹೆಸರು ಹಾಕಿ ಬರೀರಿ. ನಾನು ಕಳ್ಸಿದ್ದ ಎರಡನ್ನೂ ಹಾಕಿ.”

ಅಂದೇ ರೋಜಾಳಿಗೆ ಎಲ್ಲ ಹೇಳಿದ. ಕೆಲಸಕ್ಕೆ ಕುತ್ತು ಬರಬಹುದು ಎಂದೂ ಹೇಳಿದ. ಅವಳಿಗೆ ಅದಕ್ಕಿಂತ ನೋವಾದದ್ದು ಬೇರೆ. ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದೂ ತನಗೆ ಇದಾವುದೂ ಗೊತ್ತಿರಲಿಲ್ಲವಲ್ಲ ಎಂದು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಬರೆದು ಮುಗಿಸು, ಇನ್ನು ಎಳೆಯಬೇಡ ಎಂದಳು.

ಅವನು ಬರೆದ. ಹೆಸರು, ಊರು, ಕೆಲಸ, ತಾನು ವಿಚಾರಿಸದೆ ಬರೆದದ್ದು, ಪ್ರತಿಕ್ರಿಯೆಗಳನ್ನು ತಡೆದಿಟ್ಟದ್ದು ಎಲ್ಲವನ್ನೂ ಬರೆದ. ಧನುಶ್ರೀಯ ಎರಡು ಪ್ರತಿಕ್ರಿಯೆಗಳನ್ನೂ, ಅವಳ ನಂಬರು ಮಾತ್ರ ತೆಗೆದು, ಬರಹದ ಮೇಲ್ಭಾಗದಲ್ಲೇ ಹಾಕಿದ. ಪ್ರಿಂಟು ತೆಗೆದುಕೊಂಡು ಹೋಗಿ ಬಸ್ ಸ್ಟ್ಯಾಂಡಿನ ಗೋಡೆಗೆ ತಾನೇ ಅಂಟಿಸಿದ. ನಿಂತು ಓದಿದವರು ಕಡಿಮೆ. ಮೊದಲಿನ ಬರಹವನ್ನು ನಕಲು ಮಾಡಿಕೊಂಡಿದ್ದ ಜಾಲತಾಣಗಳು ಏಳು ಸಿಕ್ಕವು. ಎರಡು ತಾಣದವರು ಅದನ್ನು ತೆಗೆದುಹಾಕಿದರು. ಉಳಿದ ಐದರಲ್ಲಿ ನಡೆಸುವವರ ಹೆಸರಾಗಲಿ ವಿಳಾಸವಾಗಲಿ ಇರಲಿಲ್ಲ. ಯಾರನ್ನು ಕೇಳುವುದೆಂದು ತಿಳಿಯದೆ ಅಷ್ಟಕ್ಕೇ ಬಿಟ್ಟ.

ಪೊಲೀಸರಿಗೂ ಹೋಗಿ ಹೇಳಿದ. ಅವರು ಹೇಳಿಕೆ ಬರೆಸಿಕೊಂಡು ಕಳಿಸಿದರು. ಇಲಾಖೆಯಿಂದ ನೋಟೀಸು ಬಂತು. ನೀರಿನ ಪೈಪಿನ ಬರಹವೂ ಅವನದೆಂದು ಈಗ ಬಯಲಾಗಿತ್ತು, ಅದನ್ನೂ ಅಪರಾಧದ ಪಟ್ಟಿಗೆ ಸೇರಿಸಿದ್ದರು. ಎರಡನ್ನೂ ಬರೆದವನು ತಾನೇ ಎಂದು ಒಪ್ಪಿಕೊಂಡು ಉತ್ತರ ಕೊಟ್ಟ. ಮುಂದೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಕೆಂಪಾಜಮ್ಮನನ್ನು ನರಸೀಪುರದ ಕಡೆಯ ಬೇರೆ ಹಾಸ್ಟೆಲಿಗೆ ಹಾಕಿದರು. ಬಸ್ಸಿನಲ್ಲಿ ಆಗಾಗ ತಾಯಿಮಗಳು ರಾಜೇಂದ್ರನಿಗೆ ಎದುರಾಗುತ್ತಿದ್ದರು. ತಾಯಿ ತಲೆಯಾಡಿಸುತ್ತಿದ್ದರು, ಅಷ್ಟೇ. ಧನುಶ್ರೀ ಅದನ್ನೂ ಮಾಡುತ್ತಿರಲಿಲ್ಲ.

ಒಂದು ವರ್ಷ ಅವನು ಏನೂ ಬರೆಯಲಿಲ್ಲ. ಆಮೇಲೊಂದು ದಿನ ಚಿಕ್ಕಯ್ಯನಛತ್ರದ ಕಡೆಯಿಂದ ಕೂಲಿ ಕೆಲಸದ ದೊಡ್ಡಸಿದ್ದಯ್ಯ ಎಂಬುವವರು ಹುಡುಕಿಕೊಂಡು ಬಂದರು. ಊರಿನ ಸ್ಮಶಾನದ ಜಾಗಕ್ಕೆ ಒಬ್ಬರು ಬೇಲಿ ಹಾಕಿಕೊಂಡಿದ್ದಾರೆ, ಬರೆಯಬೇಕು, ಆದರೆ ನನ್ನ ಹೆಸರು ಬರಬಾರದು ಎಂದರು. ನಿಮ್ಮ ಹೆಸರು ಬರುವುದಿಲ್ಲ, ನನ್ನದು ಇರುತ್ತದೆ ಎಂದು ರಾಜೇಂದ್ರ ಹೇಳಿದ. ರಜೆ ಹಾಕಿ ಹೋಗಿ ಜಾಗ ನೋಡಿದ. ದಾಖಲೆಯ ನಕಲು ತೆಗೆಸಿದ. ಬೇಲಿ ಹಾಕಿದವರ ಮನೆಗೆ ತಾನೇ ಹೋಗಿ, ತಾನು ಇಂಥವನು, ಇಂಥ ವಿಷಯ ಬರೆಯಲಿದ್ದೇನೆ, ನೀವು ಏನು ಹೇಳುತ್ತೀರಿ ಎಂದು ಕೇಳಿದ. ಅವರು ಒಳಕ್ಕೆ ಕರೆಯದೆ ಅರ್ಧ ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ, ಜಾತಿ ಎತ್ತಿ ಬೈದರು. ಬೈಗುಳದ ನಡುನಡುವೆ ಅವರು ಕೊಟ್ಟ ಸಮಜಾಯಿಷಿಯನ್ನೂ ರಾಜೇಂದ್ರ ಒಂದೊಂದಾಗಿ ಗುರುತು ಹಾಕಿಕೊಂಡು, ನಾಳೆ ಇನ್ನೇನಾದರೂ ಹೇಳುವುದಿದ್ದರೆ ಇರಲಿ ಎಂದು ತನ್ನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಜಗಲಿಯ ಮೇಲಿಟ್ಟು, ಬಸ್ಸಿಗೆ ನಡೆದ.